ಕ್ಯಾಪ್ಟನ್ ಬಿಯಾಂಡ್‌ಗೆ ಯಾರ ದೃಷ್ಟಿ ತಾಗಿತು?

ಕ್ಯಾಪ್ಟನ್ ಬಿಯಾಂಡ್ ಎಂಬ ಅಮೆರಿಕದ ರಾಕ್ ತಂಡ 1972ರಲ್ಲಿ ತಂದ ಮೊದಲ ಆಲ್ಬಂ ಏಕೆ ಓಡಲಿಲ್ಲ ಎಂಬ ಪ್ರಶ್ನೆಗೆ ನಮ್ಮ ಕೂಟದಲ್ಲಿ ಬಾಯಿಗೊಂದು ಉತ್ತರವಿತ್ತು.

“ಬಂಡವಾಳವೇನು ಕಡಿಮೆಯೇ?” ಎಂದು ಶೆಟ್ಟರು ಲೆಕ್ಕ ಒಪ್ಪಿಸಿದರು. “ಹಾಡುಗಾರ ರಾಡ್ ಇವಾನ್ಸ್ ಡೀಪ್ ಪರ್ಪಲ್ ಎಂಬ ಹೆಸರಾಂತ ಬ್ರಿಟಿಷ್ ರಾಕ್ ತಂಡದ ಮೊತ್ತಮೊದಲ ಗಾಯಕ, ಗಿಟಾರಿನ ಲ್ಯಾರಿ ರೈನ್‌ಹಾರ್ಟ್, ಬೇಸ್ ಗಿಟಾರಿನ ಲೀ ಡಾರ್ಮನ್ ಇಬ್ಬರೂ ಐರನ್ ಬಟರ್‌ಫ್ಲೈ ಎಂಬ ಅಮೆರಿಕದ ತಂಡದಿಂದ ಬಂದವರು, ಡ್ರಮ್ಸಿನ ಬಾಬಿ ಕಾಲ್ಡ್‌ವೆಲ್ ಬ್ಲೂಸ್ ಗಿಟಾರಿಗ ಜಾನಿ ವಿಂಟರ್ ಜೊತೆ ಬಾರಿಸಿದವರು. ಆದರೂ ನಷ್ಟವೆಂದರೆ ದೃಷ್ಟಿಯೇ ತಾಗಿರಬೇಕು.”

“ದೃಷ್ಟಿಯಲ್ಲ ಸ್ವಾಮಿ, ಕರಾರು,” ಎಂದರು ವಕೀಲರು. ರೈನ್‌ಹಾರ್ಟ್ ಮತ್ತು ಡಾರ್ಮನ್ ಹಳೆಯ ತಂಡದ ಕರಾರಿನಿಂದ ಇನ್ನೂ ಬಿಡಿಸಿಕೊಂಡಿರದ ಕಾರಣ, ಹಾಡು ಕಟ್ಟುವುದರಲ್ಲಿ ಅವರ ಕೈಯಿದ್ದರೂ, ಎಲ್ಲ ರಚನೆಗಳೂ ಇವಾನ್ಸ್–ಕಾಲ್ಡ್‌ವೆಲ್ ಹೆಸರಿನಲ್ಲೇ ಅಚ್ಚಾದವು. “ಮದುವೆಯಲ್ಲಿ ದುಡಿದವರು ನಾಲ್ವರು, ತಾಂಬೂಲ ಮಾತ್ರ ಇಬ್ಬರಿಗೆ.”

ಅಷ್ಟರಲ್ಲಿ ಕೂಟದ ಕಿರಿಯನು ಮೊಬೈಲಿನಲ್ಲಿ ಬಾಬಿ ಕಾಲ್ಡ್‌ವೆಲ್ ಎಂದು ಹುಡುಕಿ, ಅದೇ ಹೆಸರಿನ ಇನ್ನೊಬ್ಬ ಗಾಯಕನ ನಯವಾದ ಪ್ರೇಮಗೀತೆಯನ್ನು ಹಾಕಿಬಿಟ್ಟನು. ಹೆಸರು ಅಚ್ಚಾದವರ ಗತಿಯೂ ಇಷ್ಟೇ ಎಂದು ನಕ್ಕೆವು.

ನನ್ನ ಮಟ್ಟಿಗೆ ಹೇಳುವುದಾದರೆ, ಸರಕು ತಪ್ಪು ಅಂಗಡಿಗೆ ಹೋಗಿತ್ತು. ಆಲ್ಬಮನ್ನು ಹೊರತಂದ ಕ್ಯಾಪ್ರಿಕಾರ್ನ್ ಕಂಪನಿ ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ಮೇಕನ್ ಊರಿನದು, ಬ್ಲೂಸ್ ಬೆರೆತ ರಾಕ್ ನುಡಿಸುವ ಆಲ್‌ಮನ್ ಬ್ರದರ್ಸ್ ತಂಡದ ತವರು. ಈ ಆಲ್ಬಮನ್ನು 1971ರಲ್ಲಿ ತೀರಿಕೊಂಡ ಆ ತಂಡದ ಗಿಟಾರಿಗ ಡ್ವೇನ್ ಆಲ್‌ಮನ್ ನೆನಪಿಗೆ ಅರ್ಪಿಸಿದ್ದೇನೋ ನಿಜ. ಆದರೆ ದಕ್ಷಿಣದ ಬ್ಲೂಸ್ ಬಯಸಿ ಬಂದ ಗಿರಾಕಿಗೆ ಸಿಕ್ಕಿದ್ದು ಚಂದ್ರ, ನಕ್ಷತ್ರಗಳ ಹಾಡು, ಸಾಲದ್ದಕ್ಕೆ ಅಲುಗಾಡಿಸಿದರೆ ಆಳ ಕಾಣಿಸುವ ತ್ರೀಡಿ ಹೊದಿಕೆ.

ಮೃದಂಗದ ಮೇಷ್ಟ್ರು ಇದಾವುದಕ್ಕೂ ಕಿವಿಗೊಡದೆ, ಆಲ್ಬಮಿನ ಮೊದಲ ಹಾಡು ‘ಡ್ಯಾನ್ಸಿಂಗ್ ಮ್ಯಾಡ್ಲಿ ಬ್ಯಾಕ್‌ವರ್ಡ್ಸ್’ ಶುರುವಾದೊಡನೆ ತೊಡೆಯ ಮೇಲೆ ತಾಳ ಹಾಕತೊಡಗಿದವರು, ಎರಡನೆಯ ಸುತ್ತಿಗೆ ಕಣ್ಣರಳಿಸಿ, “ಐದಕ್ಷರ! ಇದು ನಮ್ಮ ಖಂಡಚಾಪು ಕಣ್ರಯ್ಯಾ!” ಎಂದು ಕೂಗಿದರು. ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿರಲಿಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡೇ ಬರುತ್ತದೆ. ‘ಐ ಕಾಂಟ್ ಫೀಲ್ ನಥಿಂಗ್’ ಅರ್ಧದಲ್ಲಿ ಎದ್ದುಹೋಗಿ, ನಡುವೆ ಬೇರೆಯದು ಬಂದುಹೋದ ಮೇಲೆ ಏನೂ ಆಗದವರಂತೆ ಮತ್ತೆ ಬಂದು ಕೂರುತ್ತದೆ. ರೇಡಿಯೋದವರು ಇದರಲ್ಲಿ ಯಾವ ತುಂಡನ್ನು ಕತ್ತರಿಸಿ ಹಾಕಬೇಕಿತ್ತು? ಸೋಲಿಗೂ ಸೊಗಸಿಗೂ ಇದೂ ಒಂದು ಕಾರಣ ಎಂಬುದು ನನ್ನ ವಾದ.

ತಂಡವಂತೂ ಬಾಳಲಿಲ್ಲ. ಕಾಲ್ಡ್‌ವೆಲ್ 1973ರ ಎರಡನೆಯ ಆಲ್ಬಮಿಗೇ ಇರಲಿಲ್ಲ. ಇವಾನ್ಸ್ ಅದು ಬಂದ ಬಳಿಕ ಹೊರಟರು. 1980ರಲ್ಲಿ ಆ ಇವಾನ್ಸ್ ಅವರೇ ಅಸಲಿ ಸದಸ್ಯರ್ಯಾರೂ ಜೊತೆಗಿಲ್ಲದೆ ಡೀಪ್ ಪರ್ಪಲ್ ಹೆಸರಿನಲ್ಲಿ ಕಛೇರಿ ನಡೆಸಿ, ನ್ಯಾಯಾಲಯದಲ್ಲಿ ಸೋತರೆಂದು ವಕೀಲರು ಚಪ್ಪರಿಸಿಕೊಂಡು ವಿವರಿಸಿದರು.

“ಸ್ವಂತ ತಂಡದ ಹೆಸರು ಚೆನ್ನಾಗಿಯೇ ಇತ್ತಲ್ಲ, ಅದನ್ನೇ ಹಾಕಿಕೊಳ್ಳಬಾರದಿತ್ತೇ?” ಎಂದು ಕಿರಿಯನು ಕೇಳಿದನು.

“ಹಾಕಿಕೊಂಡಿದ್ದರೆ ಟಿಕೆಟ್ಟು ಯಾರಪ್ಪ ಕೊಳ್ಳುತ್ತಿದ್ದರು?” ಎಂದರು ಶೆಟ್ಟರು.

“ನಿಮ್ಮ ವ್ಯಾಜ್ಯದ ಗದ್ದಲದಲ್ಲಿ ನನ್ನ ತಾಳ ತಪ್ಪಿತು, ಮೊದಲಿನಿಂದ ಹಾಕಿ,” ಎಂದರು ಮೇಷ್ಟ್ರು.