ಪಾರ್ಸೆಲ್‌ಗೆ ನಿಂತವನು

ಮುಂಬೈಯ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಉಡುಪಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಮೇಜು ಸಿಗುವುದು ಸುಲಭದ ಮಾತಲ್ಲ. ಮುಕ್ಕಾಲು ಗಂಟೆ ಸರದಿಯಲ್ಲಿ ಕಾದು ಅಂಥದೊಂದು ಮೇಜನ್ನು ಸಂಪಾದಿಸಿದ ಮೇಲೂ, ತನ್ನ ಪಾಲಿನ ಕುರ್ಚಿಯ ಮೇಲೆ ಕೈಚೀಲವನ್ನು ಕೂರಿಸಿ ತಾನು ಪಕ್ಕದಲ್ಲಿ ನಿಂತೇ ಇಡ್ಲಿ ತಿನ್ನುವ ಮನುಷ್ಯನನ್ನು ಕಂಡರೆ ಹೊರಗೆ ಕಾಯುತ್ತಿರುವವರಿಗೆ ಮೈ ಉರಿಯುವುದು ಸಹಜ. ಆ ಮನುಷ್ಯ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಡಿಸುವ ಹುಡುಗನು ಬಂದವನೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾರ್ಸೆಲ್ಲಾ?" ಎಂದು ಕೇಳಿದನು. ನಾನು ಅಲ್ಲವೆಂದು ತಲೆಯಾಡಿಸಿದೆನು.

"ಎಷ್ಟು ದಿನ ಹೀಗೆ ಧ್ವಜಸ್ತಂಭದಂತೆ ನಿಲ್ಲುತ್ತೀರಿ ಮಾರಾಯರೇ?" ಎಂದರು ಶೆಟ್ಟರು. ಅವರಿಗೆ ಮುಲುಂಡಿನಲ್ಲಿ ಸ್ವಂತ ಹೋಟೆಲಿದೆ. ಆದರೆ ಭಾನುವಾರ ಮಾತ್ರ ಬೇರೆಯವರ ಹೋಟೆಲಿನಲ್ಲಿ ತಿನ್ನುತ್ತಾರೆ. ಕಾರಣವನ್ನು ನಾವು ಕೇಳಿಲ್ಲ, ಅವರು ಹೇಳಿಲ್ಲ.

"ಕುಳಿತರೆ ನೋಯುತ್ತದೆ, ಶೆಟ್ಟರೇ. ಓಡಿದ್ದರಿಂದ ಆದ ಗಾಯವು ಓಡುವಾಗ ನೋಯಬೇಕಲ್ಲದೆ ಕುಳಿತಾಗ ಏಕೆ ನೋಯಬೇಕು ಎಂದು ನಾನೂ ವೈದ್ಯರನ್ನು ಕೇಳಿದೆ. ಹ್ಯಾಮ್‌ಸ್ಟ್ರಿಂಗ್ ಎಂಬ ತೊಡೆಯ ಹಿಂಬದಿಯ ಮೂರು ಸ್ನಾಯುಗಳು ಹುಟ್ಟುವುದೇ ನಾವು ಕುಳಿತುಕೊಳ್ಳುವ ಮೂಳೆಯಿಂದ ಎಂದು ಹೇಳಿದರು. ಅಲ್ಲಿಂದ ಹೊರಟು, ಸೊಂಟವನ್ನೂ ಮಂಡಿಯನ್ನೂ ದಾಟಿ, ಮಂಡಿಯ ಕೆಳಗೆ ಹೋಗಿ ಸೇರುತ್ತವೆಯಂತೆ. ನನ್ನ ಗಾಯವಿರುವುದು ಹೊರಡುವ ನಿಲ್ದಾಣದಲ್ಲಿಯೇ. ಗಾಯವು ಆ ಮೂಳೆಗೆ ಹತ್ತಿರವಾದಷ್ಟೂ ಓಟಕ್ಕೆ ಮರಳುವುದು ತಡವಾಗುತ್ತದೆ."

ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಭಟ್ಟರಿಗೆ ನನ್ನ ನೋವಿಗಿಂತ ಅದರ ಹೆಸರೇ ಹೆಚ್ಚು ಬಾಧಿಸುತ್ತಿತ್ತು. "ಹ್ಯಾಮ್ ಎಂದರೆ ಹಂದಿಯ ತೊಡೆಯ ಮಾಂಸವೆಂದು ಎಲ್ಲರೂ ತಿಳಿದಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮಂಡಿಯ ಹಿಂದಿನ ತಗ್ಗು ಎಂಬ ಅರ್ಥವಿತ್ತು. ಅದೇನೇ ಇರಲಿ, ಊರು ಎಂದರೆ ತೊಡೆ, ಪಶ್ಚಿಮ ಎಂದರೆ ಹಿಂಭಾಗ, ನಾವು ಕನ್ನಡದಲ್ಲಿ ಊರುಪಶ್ಚಿಮಸ್ನಾಯು ಎನ್ನಬಹುದು" ಎಂದರು.

"ಇವರು ಡೊಂಬಿವಲಿಯವರು, ಹುಟ್ಟಾ ಮಧ್ಯ ರೈಲ್ವೆಯ ಗಿರಾಕಿ. ಇವರಿಗೆ ಪಶ್ಚಿಮದ ತೊಂದರೆ ಹೇಗೆ ಬಂತು?" ಎಂದು ಶೆಟ್ಟರು ಚಟ್ನಿ ಬಡಿಸಿಕೊಂಡರು.

ಬಂದ ಬಗೆಯನ್ನು ಹೇಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಜನವರಿಯ ಮುಂಬೈ ಮ್ಯಾರಥಾನಿನ 42.195 ಕಿಲೋಮೀಟರುಗಳಲ್ಲಿ, ಹಿಂದಿರುಗುವಾಗ ಎಲ್ಲರನ್ನೂ ಕಾಡುವ ಪೆಡ್ಡರ್ ರಸ್ತೆಯ ಏರನ್ನು ಕೂಡ ನಾನು ಕ್ಷೇಮವಾಗಿ ದಾಟಿದ್ದೆನು. ಮರೀನ್ ಡ್ರೈವಿನಲ್ಲಿ, ಇನ್ನೇನು ಮೂರು ಕಿಲೋಮೀಟರು ಉಳಿದಿರುವಾಗ, ರಸ್ತೆಯ ಅಂಚಿನಲ್ಲಿ ಮೊಣಕಾಲೂರಿ ಕುಳಿತ ಫೋಟೋಗ್ರಾಫರನು ಕಣ್ಣಿಗೆ ಬಿದ್ದನು. ಅದುವರೆಗೆ ಬಸವಳಿದು ಕಾಲೆಳೆಯುತ್ತಿದ್ದ ನಾನು ಎದೆಯುಬ್ಬಿಸಿ, ಉದ್ದುದ್ದ ಹೆಜ್ಜೆ ಹಾಕುತ್ತ ಚಿರತೆಯಂತೆ ಮುನ್ನುಗ್ಗಿದೆನು. ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮುನ್ನ ಅದಕ್ಕೆ ಬ್ರೇಕು ಹಾಕುವುದು ಈ ಸ್ನಾಯುಗಳ ಕೆಲಸ. ಉದ್ದವಾಗುತ್ತಲೇ ಬಿಗಿಹಿಡಿಯಬೇಕಾದ ಆ ಗಳಿಗೆಯಲ್ಲಿಯೇ ಅವು ಸಾಮಾನ್ಯವಾಗಿ ಹರಿಯುವುದು. ಮೂರೂವರೆ ಗಂಟೆಗೂ ಮೇಲೆ ದುಡಿದಿದ್ದ ನನ್ನ ಸ್ನಾಯುವು ಚಿರತೆಯ ಪಾತ್ರವನ್ನು ಒಪ್ಪಲಿಲ್ಲ. ಫೋಟೋ ಮಾತ್ರ ಬಹಳ ಸ್ಪಷ್ಟವಾಗಿ ಬಂದಿದೆ: ಬಾಯಿ ತೆರೆದಿದೆ, ಒಂದು ಕಣ್ಣು ಮುಚ್ಚಿದೆ, ಬಲಗೈ ತೊಡೆಯ ಹಿಂದಿದೆ.

ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದ ಭಟ್ಟರು, "ಸಾಕ್ಷಾತ್ ದುರ್ಯೋಧನ. ಆದರೆ ಭೀಮನು ತೊಡೆಯ ಮುಂಭಾಗಕ್ಕೆ ಹೊಡೆದನೋ ಹಿಂಭಾಗಕ್ಕೆ ಹೊಡೆದನೋ ಎಂಬುದನ್ನು ಯಕ್ಷಗಾನದವರು ಯಾರೂ ಖಚಿತವಾಗಿ ತೋರಿಸುವುದಿಲ್ಲ" ಎಂದು ವಿಷಾದಪಟ್ಟರು.

"ಆವತ್ತೇ ರೈಸ್ ಮಾಡಬೇಕೆಂದು ಯಾರೋ ಹೇಳಿದರೆಂದು ನಾನು ಒಂದು ಡಬರಿ ಕುಚ್ಚಲಕ್ಕಿ ಗಂಜಿಯನ್ನೇ ಕಳುಹಿಸಿದ್ದೆನಲ್ಲ?" ಎಂದರು ಶೆಟ್ಟರು.

ಇದು ನಿಜ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ರೈಸ್ ಆಗುತ್ತದೆಂದು ತಿಳಿಸಿದ ಮೇಲೆ ಶೆಟ್ಟರು ತಮ್ಮ ಹೋಟೆಲಿನಿಂದ ಐಸನ್ನೂ ಕಳುಹಿಸಿದರು. ಅದಕ್ಕೆ ಮೀನಿನ ವಾಸನೆಯಿತ್ತು.

ಇದೇ ಗಾಯವನ್ನು ನಾಲ್ಕು ವರ್ಷಗಳ ಹಿಂದೆ ಅನುಭವಿಸಿ, ಆ ಬಲದಿಂದ ನಮ್ಮಲ್ಲಿ ಹಿರಿತನ ಪಡೆದಿರುವ ಧಾರವಾಡದ ಕುಲಕರ್ಣಿಯವರು ಈಗ ಗಂಟಲು ಸರಿಮಾಡಿಕೊಂಡರು. "ಆ ರೈಸ್ ಎಂಬ ಹೆಸರನ್ನು 1978ರಲ್ಲಿ ಕೊಟ್ಟವರು ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು. ಐಸು ಮತ್ತು ಪೂರ್ಣ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡಮಾಡಬಹುದೆಂದು ಮುಂದೆ ಅವರೇ ಹೇಳಿದರು. ನೋವು ಶಮನಕ್ಕೆ ಐಸು ಸಾಕು, ವಾಸಿಯಾಗಲು ಸ್ನಾಯುವಿಗೆ ಅಳತೆಯ ಕೆಲಸ ಬೇಕು."

"ಹಾಗಾದರೆ ಪಶ್ಚಿಮೋತ್ತಾನಾಸನ ಮಾಡಿಸಿ" ಎಂದರು ಭಟ್ಟರು. ತಮ್ಮ ಪಶ್ಚಿಮವನ್ನು ಅವರು ಅಷ್ಟು ಸುಲಭವಾಗಿ ಬಿಡುವವರಲ್ಲ.

"ಬೇಡವೇ ಬೇಡ. ಮೂಳೆಯ ಬಳಿಯ ಗಾಯದಲ್ಲಿ ಮುಂದಕ್ಕೆ ಬಗ್ಗಿ ಎಳೆದರೆ ಸ್ನಾಯುರಜ್ಜು ಮೂಳೆಗೇ ಒತ್ತಿಕೊಂಡು ಇನ್ನಷ್ಟು ಕೆರಳುತ್ತದೆ. ಬಿಗಿಯಾಗಿದೆ ಎನ್ನಿಸಿದ್ದನ್ನೆಲ್ಲ ಎಳೆಯಬಾರದು" ಎಂದರು ಕುಲಕರ್ಣಿಯವರು.

ಹುಡುಗನು ಎರಡನೆಯ ಸಲ ಬಂದು "ಪಾರ್ಸೆಲ್?" ಎಂದನು. ನಾನು ನನ್ನ ತಟ್ಟೆಯನ್ನು ತೋರಿಸಿದೆನು. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಸತ್ಯವಾಗಿ ಹೇಳಬೇಕೆಂದರೆ ಫೆಬ್ರವರಿಯ ಕೊನೆಗೆ ನಾನು ಬಹುಮಟ್ಟಿಗೆ ಗುಣವಾಗಿದ್ದೆನು. ಮಲಗಿ ಸೊಂಟವನ್ನು ಎತ್ತುವ ವ್ಯಾಯಾಮದಿಂದ ಆರಂಭಿಸಿ, ಕೈಯಲ್ಲಿ ಭಾರ ಹಿಡಿದು ಬೆನ್ನು ನೇರವಾಗಿಟ್ಟು ಬಗ್ಗುವವರೆಗೆ ಬಂದಿದ್ದೆನು. ಫಿಜಿಯೋಥೆರಪಿಸ್ಟರು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಅನುಮತಿ ಕೊಟ್ಟಿದ್ದರು. ಶಿವಾಜಿ ಪಾರ್ಕಿನಲ್ಲಿ ಹಾಗೆ ಓಡುತ್ತಿರುವಾಗ ನೌವಾರಿ ಸೀರೆಯುಟ್ಟ ಅಜ್ಜಿಯೊಬ್ಬರು ನನ್ನನ್ನು ಹಿಂದಿಕ್ಕಿ, ತಿರುಗಿ ನೋಡಿ ಕನಿಕರದಿಂದ ನಕ್ಕದ್ದನ್ನೂ ಸಹಿಸಿಕೊಂಡೆನು. ಅಷ್ಟೆಲ್ಲ ಸಹಿಸಿದವನು ಒಂದು ಸೋಮವಾರ ಡೊಂಬಿವಲಿಯ ಸೇತುವೆಯ ಮೆಟ್ಟಿಲಿಳಿಯುವಾಗ ಫಾಸ್ಟ್ ಲೋಕಲ್ ಹೊರಡಲು ಸಿದ್ಧವಾಗಿರುವುದನ್ನು ಕಂಡೆನು. ಮುಂದಿನದು ಬುದ್ಧಿಯ ಕೆಲಸವಲ್ಲ, ಇಪ್ಪತ್ತು ವರ್ಷಗಳ ಅಭ್ಯಾಸದ್ದು. ಗಾಡಿ ಸಿಕ್ಕಿತು, ಸ್ನಾಯು ಪ್ಲಾಟ್‌ಫಾರ್ಮಿನಲ್ಲಿಯೇ ಉಳಿಯಿತು.

"ನೋವು ಹೋದ ದಿನವೇ ಬಲ ಬಂದಿತೆಂದು ತಿಳಿಯುವುದೇ ತಪ್ಪು" ಎಂದರು ಕುಲಕರ್ಣಿಯವರು. "ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಂಭವ ಹೆಚ್ಚು. ನಿಧಾನವಾಗಿ ಹತ್ತು ಕಿಲೋಮೀಟರು ಓಡುವುದಕ್ಕಿಂತ ಹತ್ತು ಹೆಜ್ಜೆಯ ನಾಗಾಲೋಟವೇ ಇದಕ್ಕೆ ಹೆಚ್ಚಿನ ಪೆಟ್ಟು."

ಆ ದಿನ ಗಾಡಿಯಲ್ಲಿ ನನಗೆ ಸಿಕ್ಕಿದ್ದು ನಾಲ್ಕನೆಯ ಸೀಟು. ಮೂವರ ಬೆಂಚಿನ ಅಂಚಿನಲ್ಲಿ ಒಂದೇ ಮಗ್ಗುಲನ್ನು ಊರಿ ಕೂರುವ ಈ ಆಸನದ ವಿಶೇಷವೇನೆಂದರೆ, ಯಾವ ಮಗ್ಗುಲನ್ನು ಊರಬೇಕೆಂಬುದನ್ನು ಕಿಟಕಿ ಯಾವ ಕಡೆಗಿದೆ ಎಂಬುದೇ ನಿರ್ಧರಿಸುತ್ತದೆ. ಕಿಟಕಿ ಎಡಕ್ಕಿತ್ತು. ಗಾಯಗೊಂಡ ಮಗ್ಗುಲು ಗಾಳಿಯಲ್ಲಿ ತೇಲುತ್ತಿತ್ತು. ಠಾಣೆಯವರೆಗೆ ನಾನು ಪರಮಸುಖಿಯಾಗಿದ್ದೆನು. ಅಲ್ಲಿ ಎದುರಿನ ಬೆಂಚಿನವರೊಬ್ಬರು ನನ್ನ ಮುಖವನ್ನು ನೋಡಿ ಮರುಗಿ, ಎದ್ದು ತಮ್ಮ ಪೂರ್ತಿ ಸೀಟನ್ನು ಬಿಟ್ಟುಕೊಟ್ಟರು. ಮುಂಬೈಯಲ್ಲಿ ಅಂಥ ದಾನವನ್ನು ನಿರಾಕರಿಸಲು ಸಾಧ್ಯವೇ? ದಾದರಿನವರೆಗೂ ಪೂರ್ತಿ ಕುಳಿತು ಅನುಭವಿಸಿದೆನು.

"ಈಗ ಯಾವ ವ್ಯಾಯಾಮ ನಡೆಯುತ್ತಿದೆ?" ಎಂದು ಶೆಟ್ಟರು ಕೇಳಿದರು.

"ನಾರ್ಡಿಕ್ ಎಂಬುದನ್ನು ಮೊನ್ನೆಯಿಂದ ಆರಂಭಿಸಿದ್ದೇನೆ. ಮೊಣಕಾಲೂರಿ, ಪಾದಗಳನ್ನು ಯಾರಾದರೂ ಹಿಡಿದಿರುವಾಗ, ಇಡೀ ಮೈಯನ್ನು ಹಲಗೆಯಂತೆ ನಿಧಾನವಾಗಿ ಮುಂದಕ್ಕೆ ಬಾಗಿಸುವುದು. ಮನೆಯಲ್ಲಿ ಯಾರಿಗೂ ಬಿಡುವಿಲ್ಲದ್ದರಿಂದ ಪಾದಗಳನ್ನು ಕಬ್ಬಿಣದ ಕಪಾಟಿನ ಕೆಳಗೆ ತೂರಿಸುತ್ತೇನೆ. ನಮ್ಮದು ಒಂದೇ ಕೋಣೆಯ ಫ್ಲ್ಯಾಟು. ಪೂರ್ತಿ ಬಿದ್ದಾಗ ತಲೆಯು ಅಡಿಗೆಮನೆಯ ಹೊಸ್ತಿಲಲ್ಲಿರುತ್ತದೆ. ನಿನ್ನೆ ಹಾಲಿನವನು ಬಾಗಿಲಲ್ಲಿ ನಿಂತು, ಒಳಗೆ ನನ್ನ ಹೆಂಡತಿಯಿರುವುದನ್ನೂ ನಾನು ಅವಳತ್ತ ಅಡ್ಡಬೀಳುತ್ತಿರುವುದನ್ನೂ ನೋಡಿ, ಏನೂ ಕೇಳದೆ ಪ್ಯಾಕೆಟ್ಟನ್ನು ಅಲ್ಲಿಯೇ ಇಟ್ಟು ಹೋದನು."

"ಗುಣವಾದದ್ದು ಹೇಗೆ ತಿಳಿಯುತ್ತದೆ?" ಎಂದು ಭಟ್ಟರು ವಿಚಾರಿಸಿದರು.

ಕುಲಕರ್ಣಿಯವರು ಬೆರಳೆತ್ತಿದರು. "ಎರಡು ಕಾಲಿನ ಬಲವೂ ಹೆಚ್ಚುಕಡಿಮೆ ಸಮನಾಗಬೇಕು. ಓಡಿದ ಮರುದಿನ ನೋವು ಹೆಚ್ಚಬಾರದು. ದೂರವನ್ನು ಮೊದಲು ಕೂಡಿಸಬೇಕು, ವೇಗವನ್ನು ಕೊನೆಗೆ. ಅಲ್ಲಿಯವರೆಗೆ ಲೋಕಲ್ ಹೋದರೆ ಹೋಗಲಿ ಎಂದು ಬಿಡಬೇಕು. ಒಪ್ಪಿದಿರೋ?"

ನಾನು ಒಪ್ಪಿ ಗಟ್ಟಿಯಾಗಿ ತಲೆಯಾಡಿಸಿದೆನು. ಅದೇ ಹೊತ್ತಿಗೆ ಹುಡುಗನು ನನ್ನ ಬೆನ್ನ ಹಿಂದೆ ಮೂರನೆಯ ಸಲ ಅದೇ ಪ್ರಶ್ನೆಯನ್ನು ಕೇಳಿದ್ದನೆಂಬುದು, ಐದು ನಿಮಿಷಗಳ ನಂತರ ಎಂಟು ಇಡ್ಲಿಯ ಪೊಟ್ಟಣವೂ ಬೇರೆ ಚೀಲದಲ್ಲಿ ಗಂಟು ಹಾಕಿದ ಸಾಂಬಾರೂ ನನ್ನ ಕೈಗೆ ಬಂದಾಗ ತಿಳಿಯಿತು.

ಶೆಟ್ಟರು ಸಾಂಬಾರಿನ ಚೀಲವನ್ನು ಮುಟ್ಟಿ ನೋಡಿ, ವೃತ್ತಿಪರ ಗಾಂಭೀರ್ಯದಿಂದ ನನಗೇ ಹಿಂದಿರುಗಿಸಿದರು. "ಒಳ್ಳೆಯ ಬಿಸಿಯಿದೆ. ನನ್ನ ಐಸು ಬೇಡವೆಂದಿರಲ್ಲ, ಇದನ್ನು ಇಟ್ಟುಕೊಂಡು ಕುಳಿತುಕೊಳ್ಳಿ."