ರಕ್ಷಣಾ ಇಲಾಖೆ ಕೆಲಸಕ್ಕೆ ಸಣ್ಣ ಮಷಿನ್ ಶಾಪ್ ಇಳಿಯಬಹುದಾ? ಮಾಡಿದವರು ಹೇಳಿ

ಪೀಣ್ಯ_2ನೇಹಂತ:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಶಾಪ್. ಕಂಪ್ಯೂಟರ್‌ನಿಂದ ನಡೆಯುವ ಲೋಹ ಕೊರೆಯುವ ಮಷಿನ್‌ಗಳು, 3 ವಿಎಂಸಿ, 2 ಸಿಎನ್‌ಸಿ ಲೇತ್, 11 ಜನ. ಇಷ್ಟು ವರ್ಷ ಗಾಡಿ ಬಿಡಿಭಾಗಗಳ ಜಾಬ್ ವರ್ಕ್ ಮಾಡಿಕೊಂಡು ಬಂದಿದ್ದೇವೆ, ಈಗ ಆ ಕೆಲಸ ಕಡಿಮೆ ಆಗ್ತಾ ಇದೆ. ವಿಮಾನ ಮಾಡುವ ಎಚ್‌ಎಎಲ್, ಸೇನೆಗೆ ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ ಎರಡೂ ನಮ್ಮ ಊರಲ್ಲೇ ಇವೆ. ರಕ್ಷಣಾ ಇಲಾಖೆಯ ಸೃಜನ್ ಪೋರ್ಟಲ್ ತೆರೆದು ನೋಡಿದೆ, ಹೊರದೇಶದಿಂದ ತರಿಸುತ್ತಿದ್ದ ಸಾಮಾನುಗಳನ್ನ ಇಲ್ಲೇ ಮಾಡುವವರು ಬೇಕು ಅಂತ ಪಟ್ಟಿ ಹಾಕಿದ್ದಾರೆ, ಅದರಲ್ಲಿ ಕೆಲವು ನಮ್ಮ ಮಷಿನ್‌ನಲ್ಲಿ ಖಂಡಿತ ಆಗುತ್ತವೆ. ಆದರೆ ವಿಮಾನ, ರಕ್ಷಣಾ ಕೆಲಸದ ಗುಣಮಟ್ಟಕ್ಕೆ ಕೊಡುವ ಎಎಸ್ 9100 ಸರ್ಟಿಫಿಕೇಟ್‌ಗೆ ದುಡ್ಡು ಹಾಕಿ ಆಮೇಲೆ ಆರ್ಡರೇ ಬರದಿದ್ದರೆ? ಅಪ್ಪ ಬೇಡವೇ ಬೇಡ ಅಂತಾರೆ. ಮೊದಲ ಆರ್ಡರ್ ಸಿಗೋದು ಹೇಗೆ?

ಶಾಪ್‌ಫ್ಲೋರ್_14ವರ್ಷ:
ಇಳಿಯಿರಿ, ಆದರೆ ನೇರ ಟೆಂಡರ್‌ಗೆ ಹೋಗಬೇಡಿ. ಈಗಾಗಲೇ ಆ ಕಂಪನಿಗಳಿಗೆ ಸಪ್ಲೈ ಮಾಡುವ ದೊಡ್ಡ ಶಾಪ್‌ಗಳು ನಮ್ಮಲ್ಲೇ ಇವೆ, ಅವರಿಂದ ಜಾಬ್ ವರ್ಕ್ ಹಿಡಿದು ಒಂದೆರಡು ವರ್ಷ ಕೈ ಪಳಗಿಸಿಕೊಳ್ಳಿ.

ಸವಲತ್ತು ಇಲ್ಲ ಅಂತ ನಾನು ಹೇಳಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ರಿಜಿಸ್ಟ್ರೇಷನ್ ಇದ್ದರೆ ಟೆಂಡರ್‌ಗೆ ಇಡುವ ಇಎಮ್‌ಡಿ ಠೇವಣಿ ಕಟ್ಟಬೇಕಿಲ್ಲ. ಕೇಂದ್ರದ ಇಲಾಖೆಗಳು, ಸರ್ಕಾರಿ ಕಂಪನಿಗಳು ವರ್ಷದ ಖರೀದಿಯಲ್ಲಿ 25% ಸಣ್ಣವರಿಂದ ತಗೋಬೇಕು. ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿದವರು, ದೊಡ್ಡ ಕಂಪನಿ ಆಗಿದ್ದು, ನಿಮ್ಮ ರೇಟು ಅದಕ್ಕಿಂತ 15% ಒಳಗೆ ಜಾಸ್ತಿ ಇದ್ದರೆ, ಅವರ ರೇಟಿಗೆ ಇಳಿದು ಒಂದು ಪಾಲು ಪಡೆಯುವ ಅವಕಾಶವೂ ಇದೆ.

ಕಷ್ಟ ಇರೋದು ದುಡ್ಡು ಕೈಗೆ ಬರುವ ತನಕ ತಡೆದುಕೊಳ್ಳೋದರಲ್ಲಿ. ನನಗೆ ಒಂದು ಕಡೆಯಿಂದ ಸಾಮಾನು ಕೊಟ್ಟು 7 ತಿಂಗಳಿಗೆ ದುಡ್ಡು ಬಂತು. ಇನ್‌ಸ್ಪೆಕ್ಷನ್‌ಗೆ ಬರೋಕೆ ಎರಡು ತಿಂಗಳು, ಬಿಲ್‌ನಲ್ಲಿ ಒಂದು ನಂಬರ್ ತಪ್ಪು ಅಂತ ವಾಪಸ್, ಆಮೇಲೆ ಆ ಟೇಬಲ್‌ನವರು ಬದಲಾದರು. ಅಷ್ಟೂ ದಿನ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ನಾನೇ ಕಟ್ಟಿದೆ, ಹುಡುಗರಿಗೆ ಸಂಬಳ ಕೊಡೋಕೆ ಹೆಂಡತಿ ಒಡವೆ ಬ್ಯಾಂಕಲ್ಲಿ ಇಟ್ಟೆ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ತಡ ಆದರೆ ಚಕ್ರಬಡ್ಡಿ ಸೇರಿಸಿ ಕೊಡಬೇಕು. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ ಹೇಳಿ? ಸಣ್ಣವರಿಗೆ ಬಾಗಿಲು ತೆರೆದಿದ್ದೇವೆ ಅಂತ ಹೇಳುವವರು ಇದೊಂದನ್ನು ಸರಿ ಮಾಡಿದರೆ ಸಾಕು, ಬೇರೆ ಯಾವ ಸವಲತ್ತೂ ಬೇಡ ಅನ್ನುತ್ತೇನೆ ನಾನು.

ಹಳೇ_ಕ್ವಾಲಿಟಿ:
ನಾನು ಕ್ವಾಲಿಟಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ತಮ್ಮಾ, ನಿಮ್ಮ ತಂದೆಯವರ ಹೆದರಿಕೆ ಸುಮ್ನೆ ಅಲ್ಲ. 2001ಕ್ಕೆ ಮುಂಚೆ ಖಾಸಗಿಯವರು ಬಿಡಿಭಾಗ ಕೊಡಬಹುದಿತ್ತು ಅಷ್ಟೇ, ಪೂರ್ತಿ ಉಪಕರಣ ಮಾಡುವ ಹಾಗಿರಲಿಲ್ಲ. ಆಗಿನಿಂದ ನಿಯಮ ತುಂಬಾ ಬದಲಾಗಿದೆ. ಆದರೆ ಕಾಗದ ಪತ್ರ ಕಡಿಮೆ ಆಗಿಲ್ಲ, ಆಗಲೂ ಬಾರದು.

ಕಚ್ಚಾ ಬಾರ್‌ನ ಹೀಟ್ ನಂಬರ್‌ನಿಂದ (ಲೋಹ ಕರಗಿಸಿದ ಬ್ಯಾಚ್‌ನ ನಂಬರ್) ಹಿಡಿದು ಕೊನೆಯ ಅಳತೆಯವರೆಗೆ ದಾಖಲೆ ಬೇಕು. ಹೀಟ್ ಟ್ರೀಟ್‌ಮೆಂಟ್, ಅನೋಡೈಸಿಂಗ್ ಎಲ್ಲಾ ಒಪ್ಪಿಗೆ ಪಡೆದ ಕಡೆಯೇ ಮಾಡಿಸಬೇಕು. ಮೊದಲ ಪೀಸ್ ಮಾಡಿ ಡ್ರಾಯಿಂಗ್‌ನ ಪ್ರತಿಯೊಂದು ಅಳತೆಗೂ ವರದಿ ಕೊಟ್ಟು, ಅದು ಪಾಸ್ ಆದಮೇಲೇ ಉಳಿದದ್ದು. ಫ್ರೀ ಇಶ್ಯೂ ಮೆಟೀರಿಯಲ್ ಅಂತ ಅವರೇ ಲೋಹ ಕೊಟ್ಟರೆ ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಬಹುದು, ನಿಮ್ಮಿಂದ ಪೀಸ್ ಕೆಟ್ಟರೆ ಲೋಹದ ಬೆಲೆಯನ್ನೂ ಹಿಡಿಯಬಹುದು. ಪಿಒಗೆ, ಅಂದರೆ ಖರೀದಿ ಆದೇಶಕ್ಕೆ, ಸಹಿ ಹಾಕುವ ಮೊದಲು ಆ ಷರತ್ತನ್ನು ಎರಡು ಸಲ ಓದಿ.

ಒಮ್ಮೆ ಒಬ್ಬ ಸಣ್ಣ ಸಪ್ಲೈಯರ್ ತಂದ 40 ಪೀಸ್ ವಾಪಸ್ ಕಳಿಸಿದೆ. ಅಳತೆ ಸರಿ ಇತ್ತು, ಯಾವ ಬಾರ್‌ನಿಂದ ಮಾಡಿದ್ದು ಅನ್ನೋದಕ್ಕೆ ದಾಖಲೆ ಇರಲಿಲ್ಲ. ಅವರ ಮುಖ ಇವತ್ತಿಗೂ ನೆನಪಿದೆ. ಆದರೂ ಆ ಸಾಮಾನು ವಿಮಾನದಲ್ಲಿ ಕೂರುತ್ತೆ, ಅದರೊಳಗೆ ಒಬ್ಬ ಹುಡುಗ ಕೂರುತ್ತಾನೆ. ದಾಖಲೆ ಬರೆಯೋದನ್ನ ಈಗಿನ ಕೆಲಸದಲ್ಲೇ ಶುರು ಮಾಡಿ, ಅದಕ್ಕೆ ಖರ್ಚಿಲ್ಲ.

ಡ್ರೋನ್_ಕೆಲಸ:
ನಮ್ಮದು ಸ್ಟಾರ್ಟಪ್, ದಾರಿ ಬೇರೆ. ರಕ್ಷಣೆಗೆ ಹೊಸದನ್ನು ಮಾಡುವವರಿಗೆ ನೆರವು ಕೊಡೋಕೆ ಸರ್ಕಾರ 2018ರಲ್ಲಿ ಶುರು ಮಾಡಿದ ಐಡೆಕ್ಸ್ ಯೋಜನೆಯ ಸಾಮಾನ್ಯ ಚಾಲೆಂಜ್‌ನಲ್ಲಿ ಆಯ್ಕೆ ಆದರೆ ಪ್ರೋಟೋಟೈಪ್ ಮಾಡೋಕೆ 1.5 ಕೋಟಿವರೆಗೆ ಅನುದಾನ ಇದೆ, ಅಷ್ಟೇ ಪಾಲು ನಾವೂ ಹಾಕಬೇಕು. ಹಂತ ಮುಗಿದಂತೆ ದುಡ್ಡು ಬಿಡುಗಡೆ. ಸೇನೆಯವರ ಜೊತೆ ನೇರ ಕೂತು ಮಾತಾಡುವ ಅವಕಾಶ ಸಿಕ್ಕಿದ್ದು ನಮಗೆ ದೊಡ್ಡದು.

ಆದರೆ ನಮ್ಮ ಖರ್ಚಲ್ಲೇ ಹೋಗುವ ಟ್ರಯಲ್‌ಗಳೂ ಇವೆ, ಆಮೇಲೆ ಕೊಂಡೇ ಕೊಳ್ಳುತ್ತೇವೆ ಅನ್ನುವ ಮಾತಿಲ್ಲ. ಬೆಂಗಳೂರಲ್ಲಿ ಚೆನ್ನಾಗಿ ಹಾರಿದ ಡ್ರೋನ್ ಲಡಾಖ್ ಚಳಿಯಲ್ಲಿ ಬ್ಯಾಟರಿ ಕೈಕೊಟ್ಟು ಇಳಿಯಿತು. ವಾಪಸ್ ಬಂದು ಸರಿ ಮಾಡಿ ಮತ್ತೆ ಹೋದೆವು. ಟ್ರಯಲ್ ಪಾಸ್ ಆದರೆ ಕನಿಷ್ಠ ಇಷ್ಟು ಕೊಳ್ಳುತ್ತೇವೆ ಅಂತ ಮೊದಲೇ ಹೇಳಿದರೆ ನಮ್ಮಂಥವರಿಗೆ ಬ್ಯಾಂಕೂ ಸಾಲ ಕೊಡುತ್ತೆ. ನಿಮ್ಮ ಥರದ ಶಾಪ್‌ಗೆ ಐಡೆಕ್ಸ್ ಅಲ್ಲ. ಆದರೆ ನಮಗೆ 20, 30 ಪೀಸ್ ಮಾಡಿಕೊಡುವವರು ಸಿಗೋದೇ ಕಷ್ಟ, ನಮ್ಮಂಥ ಸ್ಟಾರ್ಟಪ್‌ಗಳನ್ನೂ ಕೇಳಿ ನೋಡಿ.

ಪೀಣ್ಯ_2ನೇಹಂತ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಒಂದು ಮಷಿನ್ ಮಾತ್ರ ಇದಕ್ಕೆ ಬಿಡೋಣ, ಉಳಿದದ್ದರಲ್ಲಿ ಹಳೇ ಕೆಲಸ ನಡೆಯಲಿ ಅಂದರು. 6 ತಿಂಗಳ ಸಂಬಳ ಪಕ್ಕಕ್ಕಿಟ್ಟು ಶುರು ಮಾಡುತ್ತೇವೆ. ಇನ್ನೊಂದು ಪ್ರಶ್ನೆ, ಸೂಕ್ಷ್ಮವಾಗಿ ಅಳೆಯುವ ಸಿಎಂಎಂ ಮಷಿನ್ ನಮ್ಮಲ್ಲಿ ಇಲ್ಲದೆ ಮೊದಲ ಪೀಸ್ ವರದಿ ಕೊಡಬಹುದಾ?

ಹಳೇ_ಕ್ವಾಲಿಟಿ:
ಕೊಡಬಹುದು, ಸಿಎಂಎಂ ಈಗಲೇ ಕೊಳ್ಳಬೇಡಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಹೊರಗಿನ ಲ್ಯಾಬ್‌ನಲ್ಲಿ ಅಳತೆ ಮಾಡಿಸಬಹುದು. ಆರ್ಡರ್ ಕೊಡುವವರು ಅದನ್ನ ಒಪ್ಪುತ್ತಾರಾ ಅಂತ ಮೊದಲೇ ಬರಹದಲ್ಲಿ ತಗೊಳ್ಳಿ.