ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಮಗಳಿಗೆ ಏನು ತಿನ್ನಿಸಲಿ?

ಕೇಳಿದವರು, ಹೊಸದುರ್ಗ: ಮಗಳು ದಾವಣಗೆರೆಯಲ್ಲಿ ಸೆಕೆಂಡ್ ಪಿಯು ಸೈನ್ಸ್, ಪೀಜಿಯಲ್ಲಿದ್ದಾಳೆ. ಬೆಳಿಗ್ಗೆ ಬರೀ ಚಹಾ, ಬಿಸ್ಕತ್ತು. ಮಧ್ಯಾಹ್ನ ಕ್ಲಾಸಲ್ಲಿ ತೂಕಡಿಕೆ, ಓದಿದ್ದು ಮರುದಿನಕ್ಕೆ ನೆನಪಿರಲ್ಲ ಅಂತಾಳೆ. ನಾವು ಸಸ್ಯಾಹಾರಿಗಳು. ಮೆಡಿಕಲ್ ಶಾಪಿನವರು ನೆನಪಿನ ಶಕ್ತಿಗೆ ಅಂತ ಒಂದು ಪುಡಿ ತೋರಿಸಿದರು. ಕೊಡಿಸಲಾ? ಅನುಭವ ಇದ್ದವರು ಹೇಳಿ.

ಹೊಳಲ್ಕೆರೆಯಿಂದ: ಅಕ್ಕಾ, ಪುಡಿ ಹಾಗಿರಲಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ನನ್ನ ಮಗಳಿಗೂ ಹೀಗೇ ಆಗಿತ್ತು. ಎಲ್ಲರೂ ಮೊಬೈಲು ಮೊಬೈಲು ಅಂತ ಅವಳನ್ನೇ ಬೈತಿದ್ವಿ. ನೋಡಿಸಿದರೆ ಹಿಮೋಗ್ಲೋಬಿನ್ 9ರ ಹತ್ತಿರ. ಆ ವಯಸ್ಸಿನ ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕಂತೆ. ಮಿದುಳಿಗೆ ಆಮ್ಲಜನಕ ಮುಟ್ಟೋದಕ್ಕೂ ಕಬ್ಬಿಣ ಬೇಕು, ಗಮನ ಹಿಡಿದಿಡೋ ಡೋಪಮೈನ್ ತಯಾರಾಗೋದಕ್ಕೂ ಬೇಕು ಅಂತ ಡಾಕ್ಟರು ಬಿಡಿಸಿ ಹೇಳಿದರು. ಇದು ನಮ್ಮೊಬ್ಬರ ಮನೆಯದ್ದಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಜೊತೆಗೆ ಸಜ್ಜೆ ರೊಟ್ಟಿ, ಹುರುಳಿಕಾಳು, ಸೊಪ್ಪಿನ ಪಲ್ಯ, ಅದರ ಮೇಲೆ ಲಿಂಬೆಹಣ್ಣು ಹಿಂಡಿ ಕೊಟ್ಟೆ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದು ಕಮ್ಮಿ, ಹುಳಿ ಹಣ್ಣಿನ ಸಿ ವಿಟಮಿನ್ ಇದ್ದರೆ ಹತ್ತುತ್ತೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತೋದೂ ಹತ್ತಲ್ಲ, ಒಂದು ಗಂಟೆಯಾದರೂ ಅಂತರ ಇರಲಿ. ತಿಂಗಳು ಕಳೀತಿದ್ದ ಹಾಗೆ ಮುಖದಲ್ಲಿ ಕಳೆ ಬಂತು, ಕೂತು ಓದೋದೂ ಹೆಚ್ಚಾಯ್ತು. ಮಾತ್ರೆ ಮಾತ್ರ ನೀವೇ ತಂದು ಕೊಡಬೇಡಿ.

ದಾವಣಗೆರೆ, ಪಿಯು ಬಯಾಲಜಿ ಹೇಳಿಕೊಡುವವನು: ಮೇಡಂ, ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟೇ. ಆದರೆ ಸುಮ್ಮನೆ ಕೂತಾಗಲೂ ದೇಹ ಬಳಸೋ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತೆ. ರಾತ್ರಿ ಎಂಟಕ್ಕೆ ಉಂಡು ಮರುದಿನ ಒಂದು ಗಂಟೆವರೆಗೆ ಬಿಸ್ಕತ್ತಲ್ಲೇ ಕಳೆದರೆ ಹನ್ನೊಂದರ ಪಾಠಕ್ಕೆ ಮನಸ್ಸು ಎಲ್ಲಿಂದ ನಿಲ್ಲಬೇಕು? ಆ ಹಸಿವಿಗೆ ತಟ್ಟೆ ತುಂಬ ಅನ್ನ ಬಿದ್ದರೆ ನಿದ್ದೆ ಬಂದೇ ಬರುತ್ತೆ. ಮಧ್ಯಾಹ್ನ ಎಲ್ಲರಿಗೂ ಸ್ವಲ್ಪ ಮಂಪರು ಸಹಜ, ಭಾರೀ ಊಟ ಅದನ್ನ ಹೆಚ್ಚಿಸುತ್ತೆ ಅಷ್ಟೆ. ಬೆಳಿಗ್ಗೆ ಇಡ್ಲಿ ಸಾಂಬಾರ್, ಶೇಂಗಾ ಹಾಕಿದ ಅವಲಕ್ಕಿ, ಏನಾದರೂ ಸರಿ, ತಿಂದು ಬರಲಿ. ನಮ್ಮೂರಲ್ಲಿ ಇದ್ದುಕೊಂಡು ಮಂಡಕ್ಕಿ ಬಿಡು ಅನ್ನೋಕೆ ನನಗೂ ಮನಸ್ಸಿಲ್ಲ. ಸಂಜೆ ಅದರ ಜೊತೆ ಮೆಣಸಿನಕಾಯಿ ಬಜ್ಜಿ ಬದಲು ಮೊಳಕೆ ಹೆಸರುಕಾಳು, ಶೇಂಗಾ ಬೆರೆಸಿಕೊಳ್ಳಲಿ. ಇನ್ನು ರಾತ್ರಿ ಓದೋಕೆ ಅಂತ ಕುಡಿಯೋ ಚಹಾ, ಕಾಫಿ. ಅದರ ಕೆಫೀನ್ ಅರ್ಧ ಇಳಿಯೋಕೇ ಐದು ಗಂಟೆ ಹಿಡಿಯುತ್ತೆ. ಓದಿದ್ದು ನೆನಪಾಗಿ ಗಟ್ಟಿಯಾಗೋದು ನಿದ್ದೆಯಲ್ಲಿ. ಅದನ್ನೇ ಕಳಕೊಂಡರೆ ಯಾವ ಪುಡಿಯೂ ತಂದುಕೊಡಲ್ಲ.

ಚಳ್ಳಕೆರೆಯಿಂದ: ಸಸ್ಯಾಹಾರಿಗಳು ಅಂದಿರಲ್ಲ, ಬಿ12 ವಿಟಮಿನ್ ಕೂಡ ನೋಡಿಸಿ ತಾಯಿ. ಕಾಳು, ಸೊಪ್ಪು ಎಷ್ಟು ತಿಂದರೂ ಅದು ಸಿಗಲ್ಲ. ನಮ್ಮಂಥವರಿಗೆ ಹಾಲು ಮೊಸರೇ ಗತಿ, ಪೀಜಿಯಲ್ಲಿ ಅದೂ ನೀರು ಮಜ್ಜಿಗೆ. ನನಗೆ ಅಂಗಾಲು ಜುಂ ಅಂತಿತ್ತು, ಅಂಗಡಿಯಲ್ಲಿ ಲೆಕ್ಕ ತಪ್ಪುತ್ತಿತ್ತು. ವಯಸ್ಸಾಯ್ತು ಅಂದುಕೊಂಡಿದ್ದೆ. ಬಿ12 ಇಂಜೆಕ್ಷನ್ ಆದಮೇಲೆ ಲೆಕ್ಕ ಬೇಗ ಸರಿಹೋಯ್ತು, ಜುಂ ನಿಧಾನಕ್ಕೆ ಇಳೀತು. ಒಂದು ಎಚ್ಚರ: ಬಿ12 ಕೊರತೆ ಇರುವಾಗ ಫೋಲಿಕ್ ಆಸಿಡ್ ಮಾತ್ರೆ ಒಂದನ್ನೇ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತೆ, ನರಗಳ ಹಾನಿ ಒಳಗೊಳಗೇ ನಡೆದಿರುತ್ತೆ.

ಹರಿಹರದಿಂದ: ಅಗಸೆ ಚಟ್ನಿಪುಡಿ ಮಾಡಿ ಕಳಿಸಿ, ಕೆಡಲ್ಲ. ಅದರಲ್ಲಿ ಒಮೆಗಾ-3 ಅನ್ನೋ ಕೊಬ್ಬಿನಂಶ ಇದೆ. ಆದರೆ ಮಿದುಳಿಗೆ ಬೇಕಾದ ರೂಪಕ್ಕೆ ಅದು ತಿರುಗೋದು ಸ್ವಲ್ಪವೇ, ಹಾಗಾಗಿ ಔಷಧಿ ಅಂದ್ಕೋಬೇಡಿ.

ಕೇಳಿದವರು: ಭಾನುವಾರ ಊರಿಗೆ ಬರ್ತಾಳೆ. ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?

ಹೊಳಲ್ಕೆರೆಯಿಂದ: ಹಿಮೋಗ್ಲೋಬಿನ್‌ಗೆ ಬೇಡ ಅಕ್ಕಾ. ಬಿ12ಗೆ ಲ್ಯಾಬಿನವರನ್ನೇ ಕೇಳಿ. ಅಲ್ಲಿವರೆಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಡಬೇಡಿ, ರಿಪೋರ್ಟಲ್ಲಿ ನಿಜವಾದ ಮಟ್ಟ ಕಾಣಲ್ಲ. ಭಾನುವಾರ ಲ್ಯಾಬ್ ತೆಗೆದಿರುತ್ತಾ ಅಂತ ಮೊದಲೇ ಫೋನ್ ಮಾಡಿ ನೋಡಿ.